ಮ್ಯೂಟಕ್ಕನೂ ಮರಳಿ ಬಂದ ಮಾತೂ

ನಮ್ಮ ಸ್ಟುಡಿಯೋ ಎಂದರೆ ಮೂರನೇ ಮಹಡಿಯ ಒಂದು ಕೋಣೆ, ನಾಲ್ಕು ಗೋಡೆಗೂ ಹೊಡೆದ ಹಳೆಯ ಕಂಬಳಿಗಳು. ಪಕ್ಕದಲ್ಲಿ ಹಲ್ಲಿನ ಡಾಕ್ಟರಿದ್ದಾರೆ. ಅವರು ಡ್ರಿಲ್ ಹಿಡಿದರೆ ನಾವು ರೆಕಾರ್ಡಿಂಗ್ ನಿಲ್ಲಿಸಿ ಕೂರಬೇಕು. ದೂರದ ಊರುಗಳಲ್ಲಿರುವವರನ್ನು ವಿಡಿಯೊದಲ್ಲಿ ಮಾತಾಡಿಸಿ ಪಾಡ್‌ಕಾಸ್ಟ್ ಮಾಡುವುದು ನಮ್ಮ ಕಸುಬು. ನಾನು ಅಲ್ಲಿ ಸೌಂಡ್ ಎಂಜಿನಿಯರ್. ಹಾಗೆಂದು ನನ್ನ ಗುರುತಿನ ಚೀಟಿ ಹೇಳುತ್ತದೆ. ಬೇರೆ ಸಾಕ್ಷಿ ಇನ್ನೂ ಸಿಕ್ಕಿಲ್ಲ.

ನನಗೆ ಕೆಲಸ ಕಲಿಸಿದವರು ಮ್ಯೂಟಕ್ಕ. "ಯಾರದು ಬುಸುಬುಸು ಉಸಿರಾಡ್ತಿರೋದು? ಮ್ಯೂಟ್ ಮಾಡಿ!" ಎಂದು ದಿನವಿಡೀ ಗದರುವುದರಿಂದ ಆ ಹೆಸರು. ಗೊರಕೆ ಹೊಡೆಯುವ ಗಂಡನಿಗೂ ನಿದ್ದೆಗಣ್ಣಲ್ಲಿ ಹಾಗೇ ಅಂದಿದ್ದರಂತೆ. "ಪಾಪ, ಗುಂಡಿ ಎಲ್ಲಿದೆ ಅಂತ ಹುಡುಕಿದ್ರು" ಎಂದು ಅವರೇ ಹೇಳಿಕೊಂಡು ನಗುತ್ತಾರೆ.

ಅವರ ಅಪ್ಪ ಸಭೆಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುತ್ತಿದ್ದವರು. ಅಪ್ಪ ಮೈಕಿನಲ್ಲಿ "ಹಲೋ" ಅಂದಾಗ ಕೊನೆಯ ಸಾಲಿಗೆ ಓಡಿ, ಕೇಳಿಸಿದರೆ ಕೈ ಎತ್ತುವುದು ಮಗಳ ಕೆಲಸ. ಈಗಲೂ ಪ್ರತಿ ರೆಕಾರ್ಡಿಂಗ್‌ಗೆ ಮುಂಚೆ ಅಕ್ಕ ತಮ್ಮ ಫೋನ್ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಾರೆ. ಅತಿಥಿಯಂತೆ ಕರೆಗೆ ಸೇರಿ, ತಾವೂ ಮಾತಾಡಿ, ಆ ತುದಿಗೆ ಏನು ಕೇಳುತ್ತದೆ ಎಂದು ನೋಡುತ್ತಾರೆ. "ಮೈಕಿನ ಹತ್ರ ನಿಂತವನಿಗೆ ಎಲ್ಲಾ ಚೆನ್ನಾಗೇ ಕೇಳತ್ತೆ ಕಣೋ. ಕೊನೇ ಸಾಲಿಗೆ ಹೋಗು."

ಅಂದು ಅವರು ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಿದ್ದರು. "ಮೆಟ್ಟಿಲು ಮರೀಬೇಡ" ಎಂದು ಹೋಗುವಾಗ ಎರಡೆರಡು ಸಲ ಹೇಳಿದ್ದರು. ನಾನು ಹೆಡ್‌ಫೋನ್ ಹಾಕಿಕೊಂಡೆ. ದನಿ ತಿಳಿನೀರಿನ ಹಾಗಿತ್ತು. ಕೈಲಿರೋ ಬೆಣ್ಣೆ ಬಿಟ್ಟು ಮೆಟ್ಟಿಲಿಗ್ಯಾಕೆ ಹೋಗಬೇಕು ಎಂದು ಕುರ್ಚಿಯಲ್ಲೇ ಉಳಿದೆ.

ಅತಿಥಿ, ಕೆಲಸದಿಂದ ನಿವೃತ್ತರಾದ ಬಸ್ ಕಂಡಕ್ಟರ್. ಚಿಕ್ಕಂದಿನಲ್ಲಿ ವಿಪರೀತ ತೊದಲುತ್ತಿದ್ದವರು, ಸ್ಟಾಪುಗಳ ಹೆಸರನ್ನು ರಾಗವಾಗಿ ಕೂಗುತ್ತ ಕೂಗುತ್ತ ನಾಲಿಗೆಯನ್ನು ಪಳಗಿಸಿಕೊಂಡಿದ್ದರು. ಪಕ್ಕದಲ್ಲಿ ಮೊಮ್ಮಗಳು ಕೂತಿದ್ದಳು. ಅವಳದೂ ತೊದಲು, ಶಾಲೆಯಲ್ಲಿ ಮಾತೇ ಬಿಟ್ಟುಬಿಟ್ಟಿದ್ದಳು. "ಇವಳು ಕೇಳ್ಲಿ ಅಂತಲೇ ನಾನು ಒಪ್ಪಿದ್ದು" ಎಂದು ತಾತ ಫೋನಿನಲ್ಲಿ ಮೊದಲೇ ಹೇಳಿದ್ದರು.

ನಮ್ಮ ನಿರೂಪಕಿ ಮೊದಲ ಪ್ರಶ್ನೆ ಕೇಳಿದರು. ತಾತ ಬಾಯಿ ತೆರೆದರು. "ನಾ... ನಾ... ನಾನು..." ನಿಂತರು. ಮತ್ತೆ ಶುರು ಮಾಡಿದರು, ಮತ್ತೆ ಅದೇ. ಮೊಮ್ಮಗಳು ತಲೆ ತಗ್ಗಿಸಿದಳು.

ಅವರ ಕಂಪ್ಯೂಟರಿನ ಸ್ಪೀಕರ್ ತೊಂದರೆ ಕೊಡುತ್ತಿರಬೇಕೆಂದು "ಹೆಡ್‌ಫೋನ್ ಹಾಕ್ಕೊಳ್ಳಿ ತಾತ" ಅಂದೆ. ಹಾಕಿಕೊಂಡ ಮೇಲೆ ಮಾತು ಇನ್ನೂ ಕೆಟ್ಟಿತು. "ಸ್ವಲ್ಪ ನೀರು ಕುಡೀರಿ" ಅಂದೆ. ನನ್ನ ತಾಂತ್ರಿಕ ಜ್ಞಾನ ಅಲ್ಲಿಗೆ ಮುಗಿದಿತ್ತು.

ತಾತ ಹೆಡ್‌ಫೋನನ್ನು ಕೊರಳಿಗೆ ಇಳಿಸಿದರು. "ಬಿಡಪ್ಪ. ಅರ್ಧ ಆಯಸ್ಸು ಗುದ್ದಾಡಿ ಓಡಿಸಿದ್ದೆ ಅದನ್ನ. ವಾಪಸ್ ಬಂದ್ಬಿಟ್ಟಿದೆ. ಇವಳ ಮುಂದೆ ಇನ್ನು ಬೇಡ."

ಆಗಲೇ ಮ್ಯೂಟಕ್ಕ ಬಾಗಿಲು ತಳ್ಳಿ ಒಳಗೆ ಬಂದದ್ದು; ಮೆಟ್ಟಿಲು ಹತ್ತುತ್ತಲೇ ಫೋನಿನಲ್ಲಿ ಕರೆಗೆ ಸೇರಿ ಎಲ್ಲ ಕೇಳಿಸಿಕೊಂಡಿದ್ದರು. ಬ್ಯಾಗನ್ನೂ ಇಳಿಸದೆ ಮೈಕಿಗೆ ಬಗ್ಗಿ ಗಟ್ಟಿಯಾಗಿ ಕೇಳಿದರು: "ಯಜಮಾನ್ರೇ, ಈಗ ಸಲೀಸಾಗೇ ಮಾತಾಡಿದ್ರಲ್ಲ! ಅದು ಕಿವಿ ಮೇಲಿದ್ದಾಗ ನಿಮ್ಮ ಮಾತು ನಿಮಗೇ ಮತ್ತೆ ಕೇಳ್ತಿತ್ತಾ?"

"ಹೂಂನಮ್ಮ, ಒಂದು ಗಳಿಗೆ ಬಿಟ್ಟು. ಇದ್ರಲ್ಲೆಲ್ಲ ಹಾಗೇ ಇರತ್ತೇನೋ ಅಂದ್ಕೊಂಡೆ."

ಅಕ್ಕ ನನ್ನ ಕಡೆ ತಿರುಗಿದರು. "ಲೋ ತಮ್ಮಾ, ಅವ್ರ ಮನೆ ಸಾಮಾನು ಅವ್ರಿಗೇ ಪಾರ್ಸೆಲ್ ಮಾಡ್ತಿದೀಯಲ್ಲೋ!"

ಅತಿಥಿಗೆ ನಮ್ಮ ಕಡೆಯ ದನಿ ಮಾತ್ರ ಹೋಗಬೇಕು. ನಾನು ಎಲ್ಲರ ದನಿಯನ್ನೂ ಒಟ್ಟಿಗೆ ಕಳಿಸಿದ್ದೆ, ತಾತನದೂ ಸೇರಿಸಿ. ತಮ್ಮದೇ ಮಾತು ತಡವಾಗಿ ಕಿವಿಗೆ ಬಿದ್ದರೆ ಎಂಥವರ ನಾಲಿಗೆಯೂ ಎಡವುತ್ತದೆ. ಅಕ್ಕ ಒಂದು ಗುಂಡಿ ಒತ್ತಿ ಆ ದಾರಿಯನ್ನು ಕಡಿದರು. ತಾತ ಹೆಡ್‌ಫೋನ್ ಮತ್ತೆ ಹಾಕಿಕೊಂಡರು, ಆದರೆ ನಂಬಲಿಲ್ಲ.

"ಮೆಷಿನ್ ಮೇಲೆ ಯಾಕಮ್ಮ ಹಾಕ್ತೀಯ? ನನ್ನ ನಾಲಿಗೆ ನನಗೆ ಗೊತ್ತಿಲ್ವಾ?"

"ತಾಳಿ, ತೋರಿಸ್ತೀನಿ" ಎಂದ ಅಕ್ಕ ನನ್ನನ್ನು ಕ್ಯಾಮೆರಾ ಮುಂದೆ ಕೂರಿಸಿ, ನನ್ನ ದನಿಯನ್ನು ತುಸು ತಡಮಾಡಿ ನನ್ನ ಕಿವಿಗೇ ತಿರುಗಿಸಿದರು. "ಮನೆಯಿಂದ ಇಲ್ಲಿಗೆ ಹೇಗೆ ಬರ್ತೀಯ, ಹೇಳು ನೋಡೋಣ."

ವಾಚಾಳಿ ಎಂದು ಹೆಸರಾದ ನಾನು ಗಂಟಲು ಸರಿಮಾಡಿಕೊಂಡೆ. "ಮ... ಮನೆಯಿಂದ ಬ... ಬಸ್ಸು ಹ... ಹ..." ಒಂದು ಪದ ಮುಗಿಯುವ ಮೊದಲೇ ಹಿಂದಿನದು ಬಂದು ಬೆನ್ನಿಗೆ ಗುದ್ದುತ್ತಿತ್ತು. ಬಾಯಿ ತೆರೆದು ಹಾಗೇ ಕೂತೆ.

ಪರದೆಯ ಆಚೆಯಿಂದ ಒಂದು ಸಣ್ಣ ದನಿ ಬಂತು.

"ಅ... ಅಣ್ಣಾ, ನಿ... ನಿಧಾನಕ್ಕೆ ಹೇಳು. ನಾವು ಕಾ... ಕಾಯ್ತೀವಿ."

ಆ ಮಾತು ಅವಳಿಗೆ ಯಾರಿಂದ ಬಂದಿತ್ತೆಂದು ತಾತನ ಮುಖ ನೋಡಿದರೆ ತಿಳಿಯುತ್ತಿತ್ತು. ಅವರು ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು, ಕಣ್ಣೊರೆಸಿಕೊಂಡು, ನನಗೆ ಅಂದರು: "ನಿನ್ನ ಸ್ಟಾಪು ದಾಟೋಯ್ತಪ್ಪ, ಇಳಿ ಇನ್ನು!" ನಿರೂಪಕಿಗೆ ಅಂದರು: "ಪ್ರಶ್ನೆ ಕೇಳಮ್ಮ."

ಆಮೇಲೆ ಅವರನ್ನು ತಡೆಯುವವರಿರಲಿಲ್ಲ. ಡ್ರಿಲ್ ಶುರುವಾದರೂ ನಾವು ನಿಲ್ಲಿಸಲಿಲ್ಲ. ಕೊನೆಗೆ ತಾತ ಹಳೆಯ ಸ್ಟಾಪುಗಳನ್ನು ರಾಗವಾಗಿ ಕೂಗಿದರು. ನಡುವೆ ಎಲ್ಲೋ ಮೊಮ್ಮಗಳೂ ದನಿಗೂಡಿಸಿದಳು.

ಕರೆ ಮುಗಿದ ಮೇಲೆ ಬೈಗುಳ ಕಾದಿದೆ ಎಂದುಕೊಂಡಿದ್ದೆ. ಅಕ್ಕ ಬ್ಯಾಗಿನಿಂದ ಬನ್ನು ತೆಗೆದು ಅರ್ಧ ಮುರಿದು ಕೊಟ್ಟರು, ಅಷ್ಟೆ. ಅತ್ತೆಗೆಂದು ಕೊಂಡದ್ದಂತೆ.

ಈಗ ಮೆಟ್ಟಿಲ ಮೇಲೆ ಕೂರುವುದು ನನ್ನ ಪಾಳಿ. ಒಳಗಿನಿಂದ ಅಕ್ಕ "ಕೇಳ್ತಿದೆಯೇನೋ?" ಅನ್ನುತ್ತಾರೆ. ಹಲ್ಲುನೋವಿನವರು ನನ್ನನ್ನು ದಾಟಿಕೊಂಡು ಹೋಗುತ್ತಿರುತ್ತಾರೆ. ಅಕ್ಕನಿಗೆ ಕಾಣದಿದ್ದರೂ ನಾನು ಕೈ ಎತ್ತುತ್ತೇನೆ.