ಹುಳದ ಮನೆಯ ಪಿಯಾನೊ

ಮಳೆಗಾಲ ಹಿಡಿಯುವ ಮುಂಚೆ ನಮ್ಮ ಬೀದಿಯ ಚರಂಡಿಗಳಿಗೆ ನಗರಸಭೆಯವರು ಬ್ಲೀಚಿಂಗ್ ಪೌಡರ್ ಎರಚಿ ಹೋಗುತ್ತಾರೆ. ಎದುರು ಮನೆಯವರು ಮೂಗು ಮುಚ್ಚಿಕೊಂಡು ಕಿಟಕಿ ಹಾಕಿಕೊಳ್ಳುತ್ತಾರೆ. ನಾನು ಮಾತ್ರ ಗೇಟಿನ ಹತ್ತಿರ ಸುಮ್ಮನೆ ನಿಂತುಬಿಡುತ್ತೇನೆ. ಆ ಘಾಟು ಗಂಟಲಿಗೆ ಇಳಿದ ಕೂಡಲೇ ರಾಮನಗರದ ಈ ಬೀದಿ ಮರೆಯಾಗಿ ಮರಳವಾಡಿಯ ನಮ್ಮ ಹಳೇ ಮನೆಯ ಹಜಾರ ಕಣ್ಣೆದುರು ಬರುತ್ತದೆ. ಅಲ್ಲಿ ಆಗತಾನೇ ಕೊಯ್ದು ತಂದ ರೇಷ್ಮೆ ಸೊಪ್ಪಿನ ಹಸಿ ವಾಸನೆ, ಒದ್ದೆ ಗೋಣಿಚೀಲದ ಮುಗ್ಗಲು, ಹುಳದ ಹಿಕ್ಕೆಯ ಒಗರು, ಇವೆಲ್ಲದರ ನಡುವೆ ಗೋಡೆಗೆ ಒರಗಿ ನಿಂತ ಒಂದು ಪಿಯಾನೊ. ಪಿಯಾನೊ ಅಂದರೆ ನಿಮಗೆ ಯಾವ ವಾಸನೆ ನೆನಪಾಗುತ್ತದೋ ನಾನರಿಯೆ, ಬಹುಶಃ ಯಾವುದೂ ಇಲ್ಲ. ನನಗೆ ಇದೇ ನೆನಪಾಗುತ್ತದೆ, ಇದನ್ನು ಹೇಳಿದರೆ ನನ್ನ ಮಕ್ಕಳು ಕೂಡ ನಗುತ್ತಾರೆ.

ಅದು ನನ್ನ ಸೋದರತ್ತೆ ರತ್ನತ್ತೆಯದು. ಅಪ್ಪನ ಒಬ್ಬಳೇ ತಂಗಿ. ಕನಕಪುರದಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಹಾಸ್ಟೆಲಿನಲ್ಲಿದ್ದು ಓದಿದವಳು. ಅಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ಸಂಜೆ ಹೊತ್ತು ಹುಡುಗಿಯರನ್ನು ಕೂರಿಸಿಕೊಂಡು ಪಿಯಾನೊ ಹೇಳಿಕೊಡುತ್ತಿದ್ದರಂತೆ. ಉಳಿದವರೆಲ್ಲ ನಾಲ್ಕು ದಿನ ಟಿಂಗ್ ಟಿಂಗ್ ಅನ್ನಿಸಿ ಎದ್ದು ಹೋದರೆ ಅತ್ತೆ ಮಾತ್ರ ಅದಕ್ಕೆ ಅಂಟಿಕೊಂಡಳು. ಆಮೇಲೆ ಅವಳನ್ನು ಕೂಟಗಲ್ಲಿಗೆ ಕೊಟ್ಟರು, ಹೊಂದಿಕೆಯಾಗದೆ ವಾಪಸು ಬಂದಳು. ಏನಾಯಿತೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅದೇ ವರ್ಷ ಹಾಸ್ಟೆಲು ಮುಚ್ಚಿತು. ತಮ್ಮ ಊರಿಗೆ ಹೊರಟಿದ್ದ ಸಿಸ್ಟರ್ ಇವಳಿಗೆ ಹೇಳಿಕಳಿಸಿ ಪಿಯಾನೊವನ್ನು ಕೊಟ್ಟುಬಿಟ್ಟರು. ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ, ಹಗ್ಗ ಬಿಗಿದು ಅಪ್ಪ ಅದನ್ನು ಮನೆಗೆ ತಂದ. ಊರಿನವರಿಗೆ ನಗಲು ಅಷ್ಟು ಸಾಕಾಯಿತು. ‘ಗಂಡನ್ ಮನೆಗೆ ಟ್ರಂಕ್ ತಗಂಡೋದೋಳು ಬೀರು ತಗಂಡು ಬಂದವ್ಳೆ ಕಣ್ಲಾ’ ಎಂದು ಅರಳಿಕಟ್ಟೆಯಲ್ಲಿ ಆಡಿಕೊಂಡರು. ಅತ್ತೆ ಅದನ್ನು ಕೇಳಿಸಿಕೊಂಡೂ ಕೇಳದವಳಂತೆ ಅಂಗನವಾಡಿಯ ಕೆಲಸಕ್ಕೆ ಹೋಗಿ ಬರುತ್ತಿದ್ದಳು.

ಆ ಗಾತ್ರದ ಸಾಮಾನನ್ನು ಇಡಲು ಹಜಾರ ಬಿಟ್ಟರೆ ಬೇರೆ ಜಾಗವಿರಲಿಲ್ಲ, ಹಜಾರವೋ ಹುಳಗಳದ್ದು. ಸಾಲು ಸಾಲು ಬಿದಿರಿನ ತಟ್ಟೆಗಳು, ಅವುಗಳ ತುಂಬ ರೇಷ್ಮೆ ಹುಳಗಳು, ಮನುಷ್ಯರಾದ ನಾವು ಗೋಡೆ ಪಕ್ಕ ಒತ್ತರಿಸಿಕೊಂಡು ಓಡಾಡಬೇಕು. ಹುಳಕ್ಕೆ ಆಗದ್ದು ಮನೆಯಲ್ಲಿ ಯಾರಿಗೂ ಆಗುವಂತಿರಲಿಲ್ಲ. ಊದುಬತ್ತಿ ಹಚ್ಚುವಂತಿಲ್ಲ, ಮಲ್ಲಿಗೆ ಮುಡಿಯುವಂತಿಲ್ಲ, ಬೀಡಿ ಸೇದಿದ ನೆಂಟರು ಹಟ್ಟಿಬಾಗಿಲಲ್ಲೇ ಕೂರಬೇಕು. ಹುಳ ಪೊರೆ ಬಿಡುವ ಮುನ್ನ ಮೇವು ಬಿಟ್ಟು ತಲೆ ಎತ್ತಿ ಅಲುಗದೆ ನಿಲ್ಲುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ದಿನಗಳಲ್ಲಿ ಅಜ್ಜಿ ನಮ್ಮನ್ನು ಗಟ್ಟಿಯಾಗಿ ಮಾತಾಡಲೂ ಬಿಡುತ್ತಿರಲಿಲ್ಲ. ‘ಹುಳ ಜ್ವರಕ್ಕೆ ಕುಂತವೆ, ಪೆಟ್ಗೆ ಮುಟ್ಬ್ಯಾಡಿ’ ಅನ್ನುವಳು, ಪಿಯಾನೊ ಅವಳ ಬಾಯಲ್ಲಿ ಪೆಟ್ಗೆ. ಜ್ವರ ಬಿಟ್ಟು ಹುಳ ಮೇಯಲು ಶುರುವಾದಾಗ ಮಾತ್ರ ಅತ್ತೆ ನನಗೆ ಹೇಳಿಕೊಡುತ್ತಿದ್ದ ಪಿಯಾನೊ ಪಾಠ. ದೊಡ್ಡ ಹುಳ ಸೊಪ್ಪು ತಿನ್ನುವ ಸರಸರ ಸದ್ದಿನೊಳಗೆ ಅತ್ತೆ ಪಿಯಾನೊದ ಮುಚ್ಚಳ ತೆಗೆದರೆ ಮನೆಗೆ ಮನೆಯೇ ಹಗುರಾಗುತ್ತಿತ್ತು. ನಾನು ಆ ಸುಖವನ್ನು ಮತ್ತೆಲ್ಲೂ ಕಂಡಿಲ್ಲ.

ಅತ್ತೆಗೆ ಸ್ವರ ಬರೆದ ಕಾಗದ ನೋಡಿ ನುಡಿಸಲು ಬರುತ್ತಿರಲಿಲ್ಲ. ಸಿಸ್ಟರ್ ಕೈ ನೋಡಿ ಅವಳು ಕಲಿತಳು, ಅವಳ ಕೈ ನೋಡಿ ನಾನು. ಹಾಡಿ ತೋರಿಸು ಅಂದರೆ ಅದೂ ಇಲ್ಲ. ಅತ್ತೆಯ ಗಂಟಲಲ್ಲಿ ಎಲ್ಲ ರಾಗಗಳೂ ಒಂದೇ ಆಗಿ ಬರುತ್ತಿದ್ದವು, ಅವಳು ಗುನುಗಿದರೆ ಅವ್ವ ಅಡಿಗೆಮನೆಯಿಂದಲೇ ನಗುತ್ತಿದ್ದಳು. ಆದರೆ ಬೆರಳಿಗೆ ಬಂದರೆ ಅವಳೇ ಬೇರೆ. ‘ತಲೆಗೆ ಬಂದ್ರೆ ಸಾಲ್ದು ಕಣವ್ವ, ಬೆರಳ್ಗೆ ಬರೋಗಂಟ ಬುಡಬ್ಯಾಡ’ ಎಂದು ನನ್ನ ಮಣಿಕಟ್ಟನ್ನು ಮೆಲ್ಲಗೆ ಎತ್ತಿ ಹಿಡಿಯುತ್ತಿದ್ದಳು. ಅವಳಿಗೆ ಬರುತ್ತಿದ್ದ ಸಣ್ಣಪುಟ್ಟವನ್ನೆಲ್ಲ ಕಲಿತು ಮುಗಿಸಿದ ಮೇಲೆ ಒಂದು ಉಳಿದಿತ್ತು. ಅದಕ್ಕೆ ಹೆಸರಿರಲಿಲ್ಲ, ನಾವು ‘ಉದ್ದನೇದು’ ಅನ್ನುತ್ತಿದ್ದೆವು. ಸಿಸ್ಟರ್ ಅದನ್ನು ಅತ್ತೆಗೊಬ್ಬಳಿಗೇ ಹೇಳಿಕೊಟ್ಟಿದ್ದರಂತೆ. ಅದರ ಮೊದಲರ್ಧ ಮೆಲ್ಲಗೆ ನಡೆಯುತ್ತದೆ, ಎರಡನೆಯರ್ಧದಲ್ಲಿ ಎಡಗೈ ಬಲಗೈಯನ್ನು ದಾಟಿ ಆಚೆ ಹೋಗಬೇಕು. ಆ ಎರಡನೆಯರ್ಧ ಅತ್ತೆ ತಾನಾಗಿಯೂ ನುಡಿಸುತ್ತಿರಲಿಲ್ಲ. ‘ಮೊದಲ್ನೇದು ಕೈಗೆ ಕೂತ್ಕಳ್ಳಿ, ಆಮೇಲೆ ಕೇಳೀವಂತೆ’ ಅನ್ನುತ್ತಿದ್ದಳು.

ಈಗ ಹಿಂತಿರುಗಿ ನೋಡಿದರೆ ಪಿಯಾನೊ ನಮ್ಮ ಮನೆಗೆ ಬಂದ ದಿನವೇ ಅದರ ಸಾವು ಶುರುವಾಗಿತ್ತು. ಬೇಸಿಗೆಯಲ್ಲಿ ಮರಿ ಹುಳಕ್ಕೆ ತಂಪು ಬೇಕು. ಕಿಟಕಿ ಬಾಗಿಲಿಗೆಲ್ಲ ಗೋಣಿಚೀಲ ಕಟ್ಟಿ ಹೊತ್ತುಹೊತ್ತಿಗೆ ನೀರು ಚಿಮುಕಿಸುತ್ತಿದ್ದೆವು. ಹುಳಕ್ಕೆ ಹಿತವಾದ ಆ ಥಂಡಿ ಪಿಯಾನೊದ ಮರಕ್ಕೆ ಇಳಿಯಿತು. ಮೊದಲು ಬೆರಳಿಡುವ ಪಟ್ಟಿಗಳಲ್ಲಿ, ನಾವು ಮನೆ ಅನ್ನುತ್ತಿದ್ದೆವು, ಒಂದು ಮನೆ ಒತ್ತಿದರೆ ಮೇಲೇಳಲೊಲ್ಲದು, ಆಮೇಲೆ ಅದರ ಪಕ್ಕದ್ದು, ಒಂದೊಂದು ಬೆಳೆ ಕಳೆದಂತೆ ಒಂದೊಂದು ಸ್ವರ ಕೆಮ್ಮಲು ಶುರುವಾಯಿತು. ಅತ್ತೆ ಹಳೇ ಸೀರೆ ಹೊದಿಸಿದಳು, ಥಂಡಿ ಹೀರಲೆಂದು ಒಳಗೆ ಇದ್ದಿಲು ಕಟ್ಟಿದಳು. ಹುಳ ಸಾಕುವುದು ಬಿಡಿ ಅನ್ನಲು ಅವಳಿಗೆ ಬಾಯಿಲ್ಲ, ನಾವು ತಿನ್ನುತ್ತಿದ್ದುದೇ ಆ ಹುಳದ ಅನ್ನ. ಒಂದು ದಿನ ನನ್ನ ಜಡೆ ಹಾಕುತ್ತಾ, ‘ಇದು ಸಾಯೋದ್ರೊಳಗೆ ನಿಂಗೆ ಉದ್ದನೇದು ಪೂರ್ತಿ ಕಲಿಸ್ಬುಡಬೇಕು. ನಾನು ತಂದಿರೋದು ಅದೊಂದೇ’ ಅಂದಳು. ಎಲ್ಲಿಂದ ತಂದದ್ದು ಎಂದು ಹೇಳಲಿಲ್ಲ, ನನಗೆ ಕೇಳಲೂ ತೋಚಲಿಲ್ಲ. ಅವತ್ತಿನಿಂದ ನಾನು ಶಾಲೆಯಿಂದ ಓಡಿ ಬಂದು ಕೂರುತ್ತಿದ್ದೆ.

ಆ ವರ್ಷ ಬೆಳೆಗೆ ಹಾಲುತೊಂಡೆ ರೋಗ ಬಿತ್ತು. ಗೂಡು ಕಟ್ಟಬೇಕಾದ ಹುಳಗಳು ಊದಿಕೊಂಡು, ಹಾಲಿನಂಥ ನೀರು ಸೋರಿಸುತ್ತ ತಟ್ಟೆಯ ಅಂಚಿಗೆ ತೆವಳಿ ಬಂದು ಸತ್ತವು. ಬುಟ್ಟಿಗಟ್ಟಲೆ ತೆಗೆದು ಗುಂಡಿಗೆ ಹಾಕಿ ಸುಣ್ಣ ಸುರಿದೆವು. ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನೋಡಲು ಬಂದ ಊರಿನವರು ಪಿಯಾನೊದ ಕಡೆ ಕೈ ತೋರಿಸಿದರು, ಎಲ್ಲ ತೊಳೀತೀರಿ, ಅದರ ಒಳಗೆ ಯಾರು ತೊಳೀತಾರೆ ಎಂದರು. ಅಪ್ಪ ಅತ್ತೆಯನ್ನು ಕರೆದು, ‘ರೋಗ ಆ ಪೆಟ್ಗೆ ಒಳಗೇ ಕುಂತೈತೆ ಕಣವ್ವ. ಹೊಸ ಮೊಟ್ಟೆ ತರೋಕೆ ಮುಂಚೆ ಕೊಟ್ಟಿಗೆಗೆ ಸಾಗಿಸ್ಬುಡಾನ’ ಅಂದ. ‘ಕೊಟ್ಟಿಗೇಲಿ ಇಲಿ ತಿಂದಾಕ್ತವೆ ಅಣ್ಣ’ ಅಂದಳು ಅತ್ತೆ. ಅಪ್ಪ ಕೆಟ್ಟವನಲ್ಲ, ತಲೆ ತಗ್ಗಿಸಿದ. ಇವರಿಬ್ಬರನ್ನೂ ನೋಡುತ್ತಾ ಕಂಬಕ್ಕೆ ಒರಗಿ ಕೂತಿದ್ದವಳು ಅಜ್ಜಿ.

ಹೊಸ ಬೆಳೆಗೆ ಮುಂಚೆ ಹುಳದ ಮನೆ ತೊಳೆಯುವುದು ನಮ್ಮಲ್ಲಿ ಹಬ್ಬದ ಕೆಲಸದಂತೆ. ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ, ನೆಲ, ಗೋಡೆ ಎಲ್ಲಕ್ಕೂ ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣ ಕಲಸಿದ ನೀರು. ಆ ದಿನ ಅತ್ತೆ ಅಂಗನವಾಡಿಗೆ ಹೋಗಿದ್ದಳು, ಅಪ್ಪ ಅವ್ವ ತೋಟದಲ್ಲಿದ್ದರು, ನನಗೆ ರಜೆ. ಅಜ್ಜಿ ಪಿಯಾನೊದ ಮೇಲಿನ ಹಲಗೆ ಎತ್ತಿ, ಕೊಡದಲ್ಲಿದ್ದ ಆ ಬ್ಲೀಚಿಂಗ್ ನೀರನ್ನು ಚೊಂಬಿನಲ್ಲಿ ಮೊಗೆಮೊಗೆದು ಒಳಗೆ ಹುಯ್ಯತೊಡಗಿದಳು. ನಾನು ಅವಳ ಸೆರಗು ಹಿಡಿದು ಎಳೆದೆ, ‘ಅತ್ತೆ ಬರ್ಲಿ ಅಜ್ಜಿ, ಅತ್ತೆ ಬರ್ಲಿ’ ಎಂದು ಅಳತೊಡಗಿದೆ. ಅಜ್ಜಿ ನನ್ನ ತಲೆ ನೇವರಿಸಿದಳು. ‘ಸುಮ್ಕಿರು ಮಗ. ಚೆಂದಾಗಿ ತೊಳೆದ್ಬುಟ್ರೆ ನಿಮ್ಮಪ್ಪ ಇದನ್ನ ಆಚೆಗೆ ಹಾಕಾಕಿಲ್ಲ. ರತ್ನಂದು ಇಲ್ಲೇ ಇರ್ತದೆ’ ಅಂದಳು. ಆಮೇಲೆ ತೆಂಗಿನ ನಾರು ತೆಗೆದುಕೊಂಡು ಒಳಗಿನ ತಂತಿ, ಬಟ್ಟೆ, ಮರದ ಸುತ್ತಿಗೆ ಎಲ್ಲವನ್ನೂ ಒಂದೊಂದಾಗಿ ಉಜ್ಜಿದಳು. ಮೊಮ್ಮಕ್ಕಳಿಗೆ ಎಣ್ಣೆನೀರು ಹಾಕುವಾಗಲೂ ಅವಳು ಅಷ್ಟು ಅಕ್ಕರೆಯಿಂದ ಉಜ್ಜಿದ್ದನ್ನು ನಾನು ಕಂಡಿರಲಿಲ್ಲ.

ಅತ್ತೆ ಬಂದಾಗ ಪಿಯಾನೊದ ಅಡಿಯಿಂದ ಬಿಳಿ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವಳು ಬಾಗಿಲಲ್ಲೇ ನಿಂತಳು. ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಗೆದ್ದವಳ ಮುಖ ಮಾಡಿಕೊಂಡು ಎದುರು ಹೋದಳು. ಅತ್ತೆ ಅವಳ ಮುಖವನ್ನೇ ನೋಡಿದಳು. ‘ತೊಳೆದ್ಯಾ ಅವ್ವ, ಒಳ್ಳೇದಾಯ್ತು. ಸೊಂಟ ನೋವು ಬಂದಿರ್ತದೆ, ಹೋಗಿ ಒಸಿ ಮಲಿಕ್ಕೊ’ ಅಂದಳು. ಅಷ್ಟೇ. ಆ ವಾರದಲ್ಲೇ ತಂತಿಗಳು ಕೆಂಪಾದವು, ಬಟ್ಟೆ ಉದುರಿತು, ಒಂದೊಂದು ಸ್ವರವಾಗಿ ಎಲ್ಲವೂ ನಿಂತವು. ‘ಪೆಟ್ಗೆ ಯಾಕವ್ವ ಸಪ್ಪಳ ಮಾಡಾಕಿಲ್ಲ’ ಎಂದು ಅಜ್ಜಿ ಕೇಳಿದರೆ, ‘ಥಂಡಿ ಅವ್ವ, ಬಿಸಿಲು ಬಂದ್ರೆ ಸರಿಹೋಯ್ತದೆ’ ಅನ್ನುವಳು ಅತ್ತೆ. ನಿಜ ಹೇಳಕೂಡದೆಂದು ನಮಗೆಲ್ಲ ಕಣ್ಣಲ್ಲೇ ಹೇಳಿದ್ದಳು. ಅಜ್ಜಿ ತೀರಿಕೊಳ್ಳುವವರೆಗೂ ಬಿಸಿಲಿಗೆ ಕಾಯುತ್ತಲೇ ಇದ್ದಳು.

ಅತ್ತೆ ಮಾತ್ರ ಪಾಠ ನಿಲ್ಲಿಸಲಿಲ್ಲ. ಬೆಳಗ್ಗೆ ಸೊಪ್ಪು ಹಾಕಿ ಆದ ಮೇಲೆ ನನ್ನನ್ನು ಆ ಮೂಕ ಪಿಯಾನೊದ ಮುಂದೆ ಕೂರಿಸಿಕೊಂಡು ಉದ್ದನೆಯದರ ಎರಡನೆಯರ್ಧ ಹೇಳಿಕೊಟ್ಟಳು. ಅವಳು ಒತ್ತುವಳು, ನಾನು ಒತ್ತುವೆ. ಮರ ಮರಕ್ಕೆ ಬಡಿಯುವ ಟಕಟಕ ಬಿಟ್ಟರೆ ಏನೂ ಇಲ್ಲ. ತಾಳವನ್ನು ನನ್ನ ಬೆನ್ನ ಮೇಲೆ ಬೆರಳಲ್ಲಿ ತಟ್ಟುತ್ತಿದ್ದಳು. ‘ಹೆಂಗೆ ಕೇಳ್ತದೆ ಅತ್ತೆ ಇದು’ ಎಂದು ಒಮ್ಮೆ ಕೇಳಿದೆ. ಅವಳು ಗುನುಗಲು ಹೋದಳು, ಎಂದಿನಂತೆ ಎಲ್ಲವೂ ಒಂದೇ ಆಗಿ ಬಂತು, ಅವಳೇ ನಿಲ್ಲಿಸಿಬಿಟ್ಟಳು. ‘ನಂಗೆ ಕೇಳ್ತೈತೆ ಕಣವ್ವ, ನಿಂಗೆ ಕೇಳ್ಸಾಕೆ ಆಯ್ತಿಲ್ಲ’ ಅಂದಳು. ಅವಳ ಕಣ್ಣಲ್ಲಿ ನೀರು ಕಂಡದ್ದು ಅದೊಂದು ಸಲ ಮಾತ್ರ. ಹಾಗೆ ನಾನು ಪೂರ್ತಿ ಕಲಿತೆ, ಅರ್ಧ ಕೇಳಿಕೊಂಡು, ಅರ್ಧ ಕೇಳದೆ.

ಕೆಲವೇ ವರ್ಷಕ್ಕೆ ಅಪ್ಪ ತೋಟದಲ್ಲಿ ಬೇರೆಯೇ ಹುಳದ ಮನೆ ಕಟ್ಟಿಸಿದ. ಹಜಾರ ಖಾಲಿಯಾಯಿತು, ಒಣಗಿತು, ಒಂದಲ್ಲ ನಾಲ್ಕು ಪಿಯಾನೊ ಇಡುವಷ್ಟು ಜಾಗವಾಯಿತು. ಆಗ ಇಡಲು ಉಳಿದದ್ದು ಗೆದ್ದಲು ತಿಂದ ಹಲಗೆ. ನನ್ನನ್ನು ರಾಮನಗರಕ್ಕೆ ಕೊಟ್ಟರು. ಅಂಗಡಿಗಳಲ್ಲಿ ಕೀಬೋರ್ಡುಗಳು ಬಂದಾಗ ಒಂದು ಚಿಕ್ಕದನ್ನು ಊರಿಗೆ ಹೊತ್ತು ಹೋಗಿದ್ದೆ. ಉದ್ದನೆಯದು ಆ ತುದಿಯಿಂದ ಈ ತುದಿಗೆ ಓಡಾಡುವಂಥದ್ದು, ಅದರಲ್ಲಿ ಅಷ್ಟು ಮನೆಗಳೇ ಇರಲಿಲ್ಲ. ಅತ್ತೆ ಅದರ ಮೇಲೆ ಕೈಯಿಟ್ಟು ತೆಗೆದು, ‘ಅದು ಮುಗೀತು ಬುಡವ್ವ’ ಅಂದಳು. ಆಮೇಲೆ ಒಂದು ಮಾಗಿಯಲ್ಲಿ ಜ್ವರ ಬಂದು ವಾರದೊಳಗೆ ಹೋಗಿಬಿಟ್ಟಳು. ಅಪ್ಪ, ಅವ್ವ ಕೂಡ ಈಗಿಲ್ಲ, ರಸ್ತೆ ಅಗಲ ಮಾಡುವಾಗ ಮನೆಯೂ ಹೋಯಿತು.

ಹೋದ ವರ್ಷ ನೆಂಟರ ಮದುವೆಗೆಂದು ಹಾರೋಹಳ್ಳಿ ಆಚೆಗಿನ ಒಂದು ರೆಸಾರ್ಟಿಗೆ ಹೋಗಿದ್ದೆ. ಒಳಗೆ ಕಾಲಿಟ್ಟರೆ ಎದುರಿಗೇ ಕರಿ ಪಿಯಾನೊ, ಅದರ ಮೇಲೆ ಪ್ಲಾಸ್ಟಿಕ್ ಹೂವು. ಅದರ ಹತ್ತಿರ ಹೋಗಿ ನಿಂತೆ. ಕೌಂಟರಿನಲ್ಲಿದ್ದ ಹೆಂಗಸು ನನ್ನನ್ನು ಗಮನಿಸಿ, ‘ಫೋಟೊಗೆ ಅಂತ ಮಡಗವ್ರೆ ಮೇಡಂ, ಸರಿಯಾಗಿ ಸೌಂಡ್ ಬತ್ತದೋ ಇಲ್ವೋ. ಬೇಕಾದ್ರೆ ಕೂತ್ಕಳಿ’ ಅಂದಳು. ಕೂತೆ. ಮೊದಲರ್ಧ ಬಂತು, ಹಜಾರದಲ್ಲಿ ಕೇಳಿದಂತೆಯೇ ಬಂತು, ನನಗೆ ಅಳು ತಡೆಯಲಾಗಲಿಲ್ಲ. ಕೈ ನಿಲ್ಲದೆ ಮುಂದಕ್ಕೆ ಹೋಯಿತು. ಎಡಗೈ ಬಲಗೈಯನ್ನು ದಾಟಿತು, ಎಷ್ಟೋ ವರ್ಷ ಬೆರಳಲ್ಲಿ ಮಾತ್ರ ಇದ್ದದ್ದನ್ನು ಮೊದಲ ಸಲ ಕಿವಿಯಿಂದ ಕೇಳಿದೆ. ಚೆಂದವಿತ್ತು. ಆದರೆ ಎರಡು ಕಡೆ ಏನೋ ಕಿವಿಗೆ ಚುಚ್ಚಿತು. ಮತ್ತೆ ನುಡಿಸಿದೆ, ಮತ್ತೆ ಅಲ್ಲೇ ಚುಚ್ಚಿತು. ಪಿಯಾನೊ ಸರಿಯಿಲ್ಲವೋ, ಸದ್ದಿಲ್ಲದ ಆ ದಿನಗಳಲ್ಲಿ ನನ್ನ ಬೆರಳು ಪಕ್ಕದ ಮನೆಗೆ ಜಾರಿದ್ದು ಅತ್ತೆಗೆ ತಿಳಿಯಲಿಲ್ಲವೋ, ಅತ್ತೆಯ ನೆನಪೇ ಅಲ್ಲಿ ತಪ್ಪಿತ್ತೋ, ಇಲ್ಲಾ ಸಿಸ್ಟರ್ ಹೇಳಿಕೊಟ್ಟಿದ್ದೇ ಹಾಗೋ. ಕೌಂಟರಿನ ಹೆಂಗಸು ಚೆನ್ನಾಗಿತ್ತು ಅಂದಳು. ಆ ಎರಡು ಜಾಗಗಳನ್ನು ನಾನು ತಿದ್ದಬಹುದಿತ್ತು, ಆದರೆ ಹೇಗಿರಬೇಕಿತ್ತೆಂದು ಇನ್ನು ಯಾರನ್ನು ಕೇಳಲಿ.