ಗುಡುಗು ಟೀಚರ್ ಮೂರನೇ ತರಗತಿಗೆ ಇಳಿದದ್ದು

ಆರನೇ ತರಗತಿಯ ಗಣಿತದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಗುಡುಗು ಟೀಚರ್. ಇಪ್ಪತ್ತೆರಡು ವರ್ಷಗಳಿಂದ ಅವರು ಒಂದು ಕೋಣೆಯಲ್ಲಿ ಭಿನ್ನರಾಶಿ ಹೇಳಿಕೊಟ್ಟರೆ ಅಕ್ಕಪಕ್ಕದ ಎರಡು ಕೋಣೆಗಳಿಗೂ ಪುಕ್ಕಟೆ ಪಾಠವಾಗುತ್ತಿತ್ತು.

ಆ ವರ್ಷ ಶಾಲೆಗೆ ಟ್ಯಾಬ್‌ಗಳು ಬಂದವು. ಇನ್ನು ಮೇಲೆ ಅರ್ಧ ಪಾಠ ಟೀಚರದು, ಅರ್ಧ ಟ್ಯಾಬಿನದು. ಟ್ಯಾಬ್ ಮೊದಲು ಪರೀಕ್ಷೆ ಕೊಟ್ಟು, ಯಾವ ಮಗು ಎಲ್ಲಿ ಎಡವುತ್ತದೋ ಅಲ್ಲಿಂದಲೇ ಅದಕ್ಕೆ ಪಾಠ ಶುರುಮಾಡುತ್ತದಂತೆ.

"ಒಬ್ಬೊಬ್ಬರಿಗೆ ಒಂದೊಂದು ಅಳತೆ ಅಂದ್ರೆ, ಇದೇನು ಶಾಲೆನೋ ದರ್ಜಿ ಅಂಗಡಿನೋ?" ಎಂದು ಟೀಚರ್ ಸಿಡಿದರು.

"ನೀವೇ ಒಂದ್ಸಲ ಪರೀಕ್ಷೆ ಬರೆದು ನೋಡಿ ಮೇಡಂ," ಎಂದುಬಿಟ್ಟರು ಹೆಡ್‌ಮಾಸ್ಟರ್.

ಬರೆದರು. ಆದರೆ ಪ್ರಶ್ನೆ ಪ್ರಶ್ನೆಯಲ್ಲೂ ಕಾಗುಣಿತದ ತಪ್ಪು ಹಿಡಿದು ಟ್ಯಾಬಿನೊಂದಿಗೆ ಜಗಳಕ್ಕೆ ಕೂತರು. ಟ್ಯಾಬಿಗೆ ಜಗಳ ಗೊತ್ತಾಗಲಿಲ್ಲ, ಕಳೆದ ಹೊತ್ತು ಮಾತ್ರ ಗೊತ್ತಾಯಿತು, ಅದಕ್ಕೆ ತಕ್ಕಂತೆ ಅಂಕ ಕತ್ತರಿಸಿತು. ಮರುದಿನ ಮಕ್ಕಳೂ ಪರೀಕ್ಷೆ ಬರೆದ ಮೇಲೆ, ತರಗತಿಯ ಗೋಡೆಯ ಪರದೆಯ ಮೇಲೆ ಎಲ್ಲರ ಮಟ್ಟದ ಪಟ್ಟಿ ಮೂಡಿತು. ಕಟ್ಟಕಡೆಯಲ್ಲಿ ಇಬ್ಬರು: ಬಾಯಿಯೇ ಬಿಡದ, ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದ ಹುಡುಗಿ, ಮತ್ತು ಟೀಚರ್. ಇಬ್ಬರದೂ ಮೂರನೇ ತರಗತಿಯ ಮಟ್ಟ. ಪಕ್ಕದಲ್ಲೊಂದು ನಗುವ ನಕ್ಷತ್ರ: "ಬೇಜಾರಾಗ್ಬೇಡ ಪುಟ್ಟಾ, ನಿಧಾನವಾಗಿ ಕಲಿಯೋಣ!"

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ತರಗತಿ ಬಿದ್ದುಬಿದ್ದು ನಕ್ಕಿತು, ಗುಬ್ಬಿಯೊಬ್ಬಳನ್ನು ಬಿಟ್ಟು. ಟೀಚರ್ ಬಾಯಿ ತೆರೆದರು. ಗುಡುಗುವ ಬದಲು ಬೆನ್ನು ತಿರುಗಿಸಿ ಖಾಲಿ ಬೋರ್ಡನ್ನೇ ಒರೆಸತೊಡಗಿದರು.

ಸಂಜೆ ಮನೆಯಲ್ಲಿ, ಬಸ್ ಕಂಡಕ್ಟರ್ ಆಗಿದ್ದ ಗಂಡ ಸಮಾಧಾನ ಹೇಳಿದರು: "ಹೋಗ್ಲಿ ಬಿಡೇ, ಒಂದನೇ ಕ್ಲಾಸಿಗೆ ಹಾಕ್ಲಿಲ್ವಲ್ಲ!" ಊಟ ಬಡಿಸುವಾಗ ಪಾತ್ರೆಗಳೇ ಮಾತಾಡಿದವು.

ಮೂರನೇ ತರಗತಿಯಿಂದ ಪಾರಾಗಲು ಅಲ್ಲಿನ ಪಾಠಗಳನ್ನೆಲ್ಲ ಮುಗಿಸಲೇಬೇಕಿತ್ತು. ಮರುದಿನ ಮಕ್ಕಳು ಹೆಡ್‌ಫೋನ್ ಹಾಕಿಕೊಂಡ ಮೇಲೆ ಟೀಚರ್ ಕೊನೆಯ ಬೆಂಚಿನಲ್ಲಿ, ಗುಬ್ಬಿಯ ಪಕ್ಕ ಕೂತರು. ಇಬ್ಬರಿಗೂ ಒಂದೇ ಪ್ರಶ್ನೆ ಬಂದಿತ್ತು: ನಾಲ್ಕರಲ್ಲೊಂದು ಭಾಗ ದೊಡ್ಡದೋ, ಎಂಟರಲ್ಲೊಂದು ಭಾಗ ದೊಡ್ಡದೋ? ಗುಬ್ಬಿ ಎಂಟನ್ನೇ ಒತ್ತಿದಳು. ತಪ್ಪು. ಮತ್ತೆ ಎಂಟು. ಮತ್ತೆ ತಪ್ಪು. ನಕ್ಷತ್ರ ನಗುತ್ತಲೇ ಇತ್ತು.

"ಅದ್ಯಾಕೆ ಮರೀ ಎಂಟು?" ಟೀಚರ್ ಮೆಲ್ಲಗೆ ಕೇಳಿದರು.

"ನಾಲ್ಕಕ್ಕಿಂತ ಎಂಟು ದೊಡ್ಡದಲ್ವಾ, ಟೀಚರ್?"

ಇಷ್ಟು ವರ್ಷ ಟೀಚರ್ 'ತಪ್ಪು' ಎಂದು ಗುಡುಗಿದ್ದೇ ಬಂತು, 'ಯಾಕೆ' ಎಂದು ಯಾರನ್ನೂ ಕೇಳಿರಲಿಲ್ಲ. ಹಳೆಯ ಪೇಪರಿನ ಒಂದು ಹಾಳೆಯನ್ನು ನಾಲ್ಕು ತುಂಡು ಮಾಡಿದರು, ಅಂಥದ್ದೇ ಇನ್ನೊಂದನ್ನು ಎಂಟು.

"ಮಳೆ ಬರ್ತಿದೆ. ತಲೆ ಮೇಲೆ ಹಿಡ್ಕೊಳ್ಳೋಕೆ ಯಾವ ತುಂಡು ಬೇಕು?"

ಗುಬ್ಬಿ ಎರಡನ್ನೂ ತಲೆಗೆ ಹಿಡಿದು ನೋಡಿದಳು. "ಅಯ್ಯೋ! ಜಾಸ್ತಿ ಜನ ಹಂಚ್ಕೊಂಡ್ರೆ ಸಣ್ಣದಾಗುತ್ತೆ!" ಎಂದು ಕೂಗಿದ ರಭಸಕ್ಕೆ ಹೆಡ್‌ಫೋನ್ ಹಾಕಿದ್ದವರೂ ತಿರುಗಿದರು.

ಅಂದಿನಿಂದ ಯಾರು ಎಡವಿದರೆಂದು ಟ್ಯಾಬ್ ಹೇಳುವುದು, ಯಾಕೆಂದು ಟೀಚರ್ ಕೇಳುವುದು. ಐದೈದು ಮಕ್ಕಳನ್ನು ನೆಲದ ಮೇಲೆ ಕೂರಿಸಿಕೊಂಡು ಪೇಪರ್ ಹರಿಯುವುದೇ ಹರಿಯುವುದು.

ಎರಡು ತಿಂಗಳಿಗೆ ಗುಬ್ಬಿಯ ತಾಯಿ ಶಾಲೆಗೆ ಬಂದರು. "ಏನು ಮಾಡಿದ್ರಿ ಟೀಚರ್ ನನ್ನ ಮಗಳಿಗೆ? ಸ್ನಾನ ಮಾಡು ಅಂದ್ರೆ ಯಾಕೆ, ಮಲ್ಕೋ ಅಂದ್ರೆ ಯಾಕೆ! ತಲೆ ಚಿಟ್ಟು ಹಿಡಿಸಿದ್ದಾಳೆ!"

"ತಪ್ಪು ನನ್ನದೇ ಕಣಮ್ಮಾ," ಎಂದರು ಟೀಚರ್, ಹಿಗ್ಗು ತಡೆಯಲಾರದೆ, ಮತ್ತು ಆ ತಾಯಿಗೆ ಕೂರಲು ತಮ್ಮ ಕುರ್ಚಿಯನ್ನೇ ಎಳೆದುಕೊಟ್ಟರು.