‘ಬರ್ತೇನ್ರಿ’ ಎಂದರೆ ಹೋಗುವುದು

ಬೆಳಗಿನ ಚಹಾ ಕುಡಿದು ಮುಗಿಸಿದ ಒಬ್ಬರು, ಬೆಳಗಿನ ಚಹಾ ಕುಡಿದು ಮುಗಿಸಿದ ಇನ್ನೊಬ್ಬರನ್ನು ‘ಚಾ ಆತೇನ್ರಿ?’ ಎಂದು ಕೇಳುವುದರಿಂದ ಲೋಕದ ಜ್ಞಾನಭಂಡಾರಕ್ಕೆ ಎಳ್ಳುಕಾಳಿನಷ್ಟೂ ಸೇರ್ಪಡೆಯಾಗುವುದಿಲ್ಲ. ಆದರೂ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸೂರ್ಯನಿಗಿಂತ ಮೊದಲು ಈ ಪ್ರಶ್ನೆ ಉದಯಿಸುತ್ತದೆ. ಗುಂಪಿನ ಹೆಸರೂ ಅದೇ, ‘ಚಾ ಆತೇನ್ರಿ’. ಗೋಕಾಕದ ಕಾಲೇಜಿನಲ್ಲಿ ಒಟ್ಟಿಗೆ ಬೆಂಚು ಸವೆಸಿದ ಗೆಳೆಯರು ನಾವು. ಹೆಚ್ಚಿನವರು ಗೋಕಾಕ, ಕೊಣ್ಣೂರುಗಳಲ್ಲೇ ನೆಲೆ ನಿಂತೆವು. ಸಿದ್ರಾಮ ಮೂಡಲಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ, ಮಲ್ಲಪ್ಪ ಹುಕ್ಕೇರಿಯಲ್ಲಿ ಬಟ್ಟೆಯ ಅಂಗಡಿ ಇಟ್ಟ. ಬದುಕು ಬೇರೆ ಬೇರೆ ಊರುಗಳಿಗೆ ಹಂಚಿದವರನ್ನು ಮೊಬೈಲು ಮತ್ತೆ ಒಂದೇ ಬೆಂಚಿನ ಮೇಲೆ ಕೂರಿಸಿತು. ಕೂತವರು ಅಂದಿನಂತೆಯೇ ಇಂದೂ ಕೆಲಸಕ್ಕೆ ಬಾರದ್ದನ್ನೇ ಮಾತಾಡುತ್ತೇವೆ.

ಗುಂಪಿನ ಅಡ್ಮಿನ್ ನಾನು. ಪಗಾರವಿಲ್ಲದ ಈ ನೌಕರಿಗೆ ನಿವೃತ್ತ ಕನ್ನಡ ಮಾಸ್ತರನಿಗಿಂತ ಯೋಗ್ಯ ಅಭ್ಯರ್ಥಿ ಅವರಿಗೆ ಸಿಗಲಿಲ್ಲವೆಂದು ಕಾಣುತ್ತದೆ. ಮೊದಮೊದಲು ನಾನು ಅಧಿಕಾರದ ಅಮಲಿನಲ್ಲಿ ಎಲ್ಲರ ಕಾಗುಣಿತ ತಿದ್ದುತ್ತಿದ್ದೆ. ‘ಶುಭಾಶಯ’ಕ್ಕೆ ಯಾವ ‘ಶ’ ಎಂದು ನಾನು ಅರ್ಧ ಪುಟ ಬರೆದ ದಿನ, ಎಲ್ಲರೂ ಮಾತಾಡಿಕೊಂಡವರಂತೆ ಒಂದೊಂದು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ಆ ಕೈಮುಗಿತ ಗೌರವದ್ದಲ್ಲ, ‘ಸಾಕು ಮಾರಾಯ’ ಎಂಬುದರದ್ದು ಎಂದು ನನ್ನ ಹೆಂಡತಿ ಬಿಡಿಸಿ ಹೇಳಿದಳು. ಅಂದಿನಿಂದ ಗುಂಪಿನಲ್ಲಿ ಮೂರೂ ‘ಶ’ಗಳು ಸ್ವೇಚ್ಛೆಯಾಗಿ ವಿಹರಿಸುತ್ತಿವೆ.

ನೀವೂ ಇಂಥದೊಂದು ಗುಂಪಿನಲ್ಲಿ ಇದ್ದೇ ಇರುತ್ತೀರಿ, ಆದ್ದರಿಂದ ಅಲ್ಲಿಯ ಆಚಾರವಿಚಾರಗಳನ್ನು ವಿಸ್ತರಿಸಬೇಕಿಲ್ಲ. ನಮ್ಮ ಕಡೆಯ ಒಂದೆರಡನ್ನು ಮಾತ್ರ ಹೇಳುತ್ತೇನೆ. ಎದುರುಬದುರು ಕೂತಾಗ ನಾವು ಒಬ್ಬರಿಗೊಬ್ಬರು ‘ಲೇ’ ಎನ್ನುವವರು. ಗುಂಪಿನಲ್ಲಿ ಮಾತ್ರ ‘ರಿ’ ಹಚ್ಚುತ್ತೇವೆ. ಹೆಗಲ ಮೇಲಿಂದ ಇಣುಕುವ ಹೆಂಡಿರು ಮಕ್ಕಳು, ಸೊಸೆಯಂದಿರು ಇರುತ್ತಾರಲ್ಲ, ಅವರೆದುರು ನಮ್ಮ ಮರ್ಯಾದೆಯನ್ನು ನಾವೇ ಕಾಯ್ದುಕೊಳ್ಳಬೇಕು. ಇನ್ನೊಂದು, ಊಟದ ಆಮಂತ್ರಣ. ಯಾರ ಮನೆಯಲ್ಲಿ ಏನೇ ಮಾಡಿದರೂ ತಾಟಿನ ಚಿತ್ರ ಬರುತ್ತದೆ, ಕೆಳಗೆ ‘ಬರ್ರಿ, ಊಟಾ ಮಾಡೂಣು’ ಎಂಬ ಒಕ್ಕಣೆ ಬರುತ್ತದೆ. ‘ತಾಟ ಹಚ್ರಿ, ಬಂದ್ವಿ’ ಎಂದು ನಾವು ಉತ್ತರಿಸುತ್ತೇವೆ. ಯಾರೂ ಹೋಗುವುದಿಲ್ಲ. ಕರೆದವನಿಗೆ ಯಾರೂ ಬರುವುದಿಲ್ಲವೆಂಬ ಭರವಸೆ, ಕರೆಸಿಕೊಂಡವನಿಗೆ ಹೋಗಬೇಕಿಲ್ಲವೆಂಬ ನೆಮ್ಮದಿ. ಇಂಥ ನಿರಪಾಯಕಾರಿ ಆತಿಥ್ಯ ಹಿಂದಿನ ಯಾವ ಯುಗದಲ್ಲೂ ಇದ್ದಿರಲಾರದು.

ಮೂರನೆಯದು ವಿದಾಯ. ನಮ್ಮಲ್ಲಿ ಎದ್ದು ಹೋಗುವವರು ‘ಹೋಗ್ತೇನಿ’ ಎನ್ನುವಂತಿಲ್ಲ, ಅದು ಅಪಶಕುನ. ‘ಬರ್ತೇನ್ರಿ’ ಎಂದೇ ಹೋಗಬೇಕು. ಆಗಮನದ ಕ್ರಿಯಾಪದದಿಂದ ನಿರ್ಗಮನದ ಕೆಲಸ ಮಾಡಿಸಿಕೊಳ್ಳುವ ಈ ಜಾಣತನವನ್ನು ತರಗತಿಯಲ್ಲಿ ವಿವರಿಸಲು ಹೋಗಿ ನಾನೇ ಎಷ್ಟೋ ಸಲ ಗೊಂದಲಕ್ಕೆ ಬಿದ್ದಿದ್ದೇನೆ. ಮನೆಯಲ್ಲಿ ಈ ಮಾತಿನಿಂದ ಯಾರಿಗೂ ತೊಡಕಾಗುವುದಿಲ್ಲ, ಹೇಳುವವನು ಚಪ್ಪಲಿ ಹುಡುಕುತ್ತಿರುತ್ತಾನೆ. ಮೊಬೈಲಿನಲ್ಲಿ ಚಪ್ಪಲಿ ಕಾಣುವುದಿಲ್ಲ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಸಿದ್ರಾಮ, ಮಲ್ಲಪ್ಪ ಕಾಲೇಜಿನಲ್ಲಿ ಒಂದೇ ಖೋಲಿಯಲ್ಲಿದ್ದು ಒಂದೇ ಸ್ಟೋವಿನ ಮೇಲೆ ಅನ್ನ ಬೇಯಿಸಿಕೊಂಡವರು. ಮಲ್ಲಪ್ಪನ ಮಗಳು ಗೌರಿಯ ಲಗ್ನ ನಿಶ್ಚಯವಾದಾಗ ಅವನು ಲಗ್ನಪತ್ರಿಕೆಯ ಚಿತ್ರವನ್ನು ಗುಂಪಿಗೆ ಹಾಕಿ, ‘ಇದನ್ನ ಖುದ್ದ ಬಂದು ಕರದಂಗ ತಿಳಕೊಂಡು ಎಲ್ಲಾರೂ ಬರಬೇಕ್ರಿ’ ಎಂದು ಬರೆದ. ನಾವೆಲ್ಲ ಹಾಗೆಯೇ ತಿಳಿದುಕೊಂಡು, ಹೋಗಿ, ಅಕ್ಷತೆ ಹಾಕಿ, ಉಂಡು ಬಂದೆವು. ಸಿದ್ರಾಮ ಬರಲಿಲ್ಲ. ಯಾಕೆಂದು ಕೇಳಿದರೆ, “ಗ್ರೂಪಿನ್ಯಾಗ ಕರದ್ರ ಗ್ರೂಪಿನವರು ಹೋಗಬೇಕು. ನಾ ಗ್ರೂಪಿನವ ಅಲ್ಲೋ ಮಾಸ್ತರ, ನಾ ಅವನ ಗೆಳ್ಯಾ. ಮನಿಗೆ ಬಂದು ಕರೀಬೇಕಿತ್ತು” ಎಂದ. ಅತ್ತ ಮಲ್ಲಪ್ಪನ ವಾದ ಇದಕ್ಕೆ ತದ್ವಿರುದ್ಧ. “ಕರಿಯೂದು ಹೊರಗಿನ ಮಂದಿಗೆ. ಮನಿ ಮನಷ್ಯಾಗ ಏನ ಕರಿಯೂದು? ಗೌರಿ ಅವನ ಹೆಗಲ ಮ್ಯಾಲ ಕುಂತ ಬೆಳದಾಕಿ. ಆಕೀ ಲಗ್ನಕ್ಕ ಬರಲಾರದವಾ ಎಂಥಾ ಗೆಳ್ಯಾ?”

ಇಬ್ಬರೂ ಖರೆ ಹೇಳುತ್ತಿದ್ದರು, ತಂಟೆ ಇದ್ದದ್ದೇ ಅಲ್ಲಿ. ಒಬ್ಬನ ತಪ್ಪಿದ್ದರೆ ನಾಲ್ಕು ಬೈದು ಸರಿಪಡಿಸಬಹುದು. ಇಬ್ಬರೂ ಸರಿಯಿದ್ದರೆ ಬಗೆಹರಿಸುವುದು ಹೇಗೆ? ಪ್ರೀತಿಗೆ ಆಹ್ವಾನ ಬೇಕು ಎನ್ನುವವನು ಒಬ್ಬ, ಬೇಡ ಎನ್ನುವವನು ಇನ್ನೊಬ್ಬ. ನಾನು ಮಧ್ಯಸ್ಥಿಕೆಗೆ ಹೋಗಿ ಎರಡೂ ಕಡೆ ಚಹಾ ಕುಡಿದು ಬಂದೆ, ಅಷ್ಟೇ. ನಲವತ್ತು ವರ್ಷಗಳ ಗೆಳೆತನ ಒಂದು ಲಗ್ನಪತ್ರಿಕೆಯ ಚಿತ್ರಕ್ಕೆ ಮುರಿದುಬೀಳುವುದೇ ಎಂದು ಹೆಂಡತಿಯೆದುರು ಹಲುಬುತ್ತಿದ್ದೆ.

ಆದರೆ ಒಂದು ಚೋದ್ಯ ನೋಡಿ. ಮಾತು ಬಿಟ್ಟ ಇಬ್ಬರೂ ಗುಂಪು ಬಿಡಲಿಲ್ಲ. ಮಲ್ಲಪ್ಪ ಬೆಳಿಗ್ಗೆ, ‘ಮೂಡಲಗಿ ಕಡೆ ಮಳಿ ಹೆಂಗೈತ್ರಿ?’ ಎಂದು ಸಾರ್ವಜನಿಕವಾಗಿ ವಿಚಾರಿಸುತ್ತಿದ್ದ. ಗುಂಪಿನಲ್ಲಿ ಮೂಡಲಗಿಯವನು ಒಬ್ಬನೇ. ಆ ಒಬ್ಬನು, ಯಾರಿಗೆ ಎಂದು ಹೇಳದೆ, ‘ಮೂಡಲಗ್ಯಾಗ ಹನಿ ಮಳಿ ಇಲ್ರಿ’ ಎಂದು ಪ್ರಕಟಣೆ ಹೊರಡಿಸುತ್ತಿದ್ದ. ಒಮ್ಮೆ ಮಲ್ಲಪ್ಪನಿಗೆ ಜ್ವರ ಬಂದು ಅವನ ಸುದ್ದಿಯೇ ಇಲ್ಲವಾದಾಗ ಸಿದ್ರಾಮ, ‘ಹುಕ್ಕೇರಿ ಮಂದಿ ಎಲ್ಲಾರೂ ಆರಾಮ ಅದೀರಿಲ್ರಿ?’ ಎಂದು ಬರೆದ. ಹುಕ್ಕೇರಿಯ ಮಂದಿಯೆಲ್ಲ ಸೇರಿ ಒಬ್ಬನೇ; ಅವನು ಹಾಸಿಗೆಯಿಂದಲೇ ಒಂದು ಹೆಬ್ಬೆರಳು ಎತ್ತಿದ. ಕೆಲಸಕ್ಕೆ ಬಾರದ ಮಾತು ಎಂದು ನಾನು ತಾತ್ಸಾರ ಮಾಡುತ್ತಿದ್ದ ಮಾತು ಅಂದಿನಿಂದ ನನಗೆ ಬೇರೆಯಾಗಿ ಕೇಳತೊಡಗಿತು. ಮಳೆಯ ವಿಷಯಕ್ಕೂ ಮಳೆಗೂ ಸಂಬಂಧವಿಲ್ಲದಿರಬಹುದು ಎಂಬುದು ಇಷ್ಟು ವರ್ಷ ಭಾಷೆ ಕಲಿಸಿದವನಿಗೆ ತಡವಾಗಿ ತಿಳಿಯಿತು.

ಹೀಗೆಯೇ ವರ್ಷ ಕಳೆದ ಮೇಲೆ ಒಂದು ಸಂಜೆ ಮಲ್ಲಪ್ಪ ಬರೆದ: ‘ನಾಳೆ ಅಮಾಸಿ. ನಮ್ಮಲ್ಲಿ ಹೋಳಗಿ ಮಾಡ್ತಾರ್ರಿ. ಎಲ್ಲಾರೂ ಬರ್ರಿ’. ಅದೇ ನಿರಪಾಯಕಾರಿ ಆತಿಥ್ಯ. ನಾವು ಯಥಾಪ್ರಕಾರ ತಾಟು ಹಚ್ಚಲು ಹೇಳಿದೆವು. ಅದೇ ಹೊತ್ತಿಗೆ ಸಿದ್ರಾಮ ಗುಂಪಿನಲ್ಲೇ ತುಸು ಮೇಲೆ ಕೊಣ್ಣೂರಿನ ಗೆಳೆಯನೊಡನೆ ಮಸಗುಪ್ಪಿಯ ರಸ್ತೆಯ ಗುಂಡಿಗಳ ಕುರಿತು ಚರ್ಚಿಸುತ್ತಿದ್ದವನು, ಅಂಗಡಿಯ ಷಟರ್ ಎಳೆಯುವ ಸಮಯವಾದ್ದರಿಂದ ದಿನದ ರೂಢಿಯಂತೆ ‘ಬರ್ತೇನ್ರಿ’ ಎಂದು ಬರೆದು ಮನೆಗೆ ಹೋದ. ಆ ‘ಬರ್ತೇನ್ರಿ’ ನೆಟ್ಟಗೆ ಹೋಳಿಗೆಯ ಕೆಳಗೆ ಬಂದು ಕೂತಿತು. ನಾನು ಓದಿದೆ, ಏನೂ ಅನಿಸಲಿಲ್ಲ, ಮಲಗಿದೆ.

ಬೆಳಿಗ್ಗೆ ಮಲ್ಲಪ್ಪನ ಫೋನು. “ಮಾಸ್ತರ, ಸಿದ್ರಾಮ ಬರಾಕತ್ತಾನು. ನಿನ್ನೆ ಗ್ರೂಪಿನ್ಯಾಗ ಬರ್ತೇನಿ ಅಂದಾನು, ನೋಡಿಲ್ಲೇನು? ಹೆಂಗೂ ಗೋಕಾಕ ಮ್ಯಾಲ ಹಾದು ಬರ್ತಾನು, ನೀನೂ ಅವನ ಕೂಡ ಬಂದ ಬಿಡು. ನೀಲವ್ವ ಕಡ್ಲಿಬ್ಯಾಳಿ ಒಲಿ ಮ್ಯಾಲ ಇಟ್ಟಾಳು.” ನೀಲವ್ವ ಅವನ ಹೆಂಡತಿ. ಅವನ ದನಿಯಲ್ಲಿ ಬಹಳ ದಿನ ಕೇಳದಿದ್ದ ಹುರುಪು ಇತ್ತು. ವ್ಯಾಕರಣ ಬಲ್ಲವನಾಗಿ ನಾನು ಅಲ್ಲಿಯೇ, ‘ಮಲ್ಲಪ್ಪಾ, ಆ ಕ್ರಿಯಾಪದ ವಿದಾಯಸೂಚಕ’ ಎನ್ನಬಹುದಿತ್ತು. ನಾಲಿಗೆ ಏಳಲಿಲ್ಲ. ಮಾತು ಬಿಟ್ಟವನು ಬರುತ್ತಾನೆಂದು ಬೇಳೆ ಬೇಯಿಸುತ್ತಿರುವ ಮನೆಗೆ, ಅವನು ಬರುವುದಿಲ್ಲ, ಬರುತ್ತೇನೆಂದು ಹೇಳಿಯೂ ಇಲ್ಲ ಎಂದು ತಿಳಿಸಿದರೆ ಮುಂದೆ ಆ ಇಬ್ಬರ ನಡುವೆ ಮಳೆಯ ವಿಚಾರಣೆಯೂ ಉಳಿಯುತ್ತಿರಲಿಲ್ಲ. ಅವಸರದಲ್ಲಿ ಸಿದ್ರಾಮನಿಗೆ ಫೋನು ಹಚ್ಚಿದೆ.

“ನಾ ಅಂಗಡಿ ಮುಚ್ಚಿ ಮನಿಗೆ ಹೊಂಟಿದ್ನ್ಯೋ! ಅವನ ಹೋಳಗಿ ನಾ ನೋಡೇ ಇಲ್ಲ. ಬರ್ತೇನಿ ಅನ್ನದ ಮತ್ತೇನ ಹೋಗ್ತೇನಿ ಅನ್ಲ್ಯಾ?” ಎಂದು ಅವನು ಹೌಹಾರಿದ.

“ಅದು ನನಗ ಗೊತ್ತು. ಅಲ್ಲಿ ನೀಲವ್ವ ಬ್ಯಾಳಿ ಕುದಿಯಾಕ ಇಟ್ಟಾಳ.”

ಸಿದ್ರಾಮ ದನಿ ಇಳಿಸಿ, “ಅವಾ ನಿನಗ ಫೋನ್ ಮಾಡಿದಾಗ ಏನಂದಾ? ಸಿದ್ರಾಮಪ್ಪನವರು ಬರ್ತಾರು ಅಂದ್ನೋ, ಸಿದ್ರಾಮ ಬರ್ತಾನು ಅಂದ್ನೋ?” ಎಂದು ಕೇಳಿದ.

“ಸಿದ್ರಾಮ ಬರಾಕತ್ತಾನು ಅಂದಾ.”

“ಹಂಗಾದ್ರ ಗೋಕಾಕ ಸ್ಟ್ಯಾಂಡಿನ್ಯಾಗ ನಿಂದ್ರು, ಬಂದ್ನಿ” ಎಂದು ಫೋನಿಟ್ಟ.

ಸ್ಟ್ಯಾಂಡಿನಲ್ಲಿ ಇಳಿದವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ, ಕೈಯಲ್ಲಿ ಮೊಸರಿನ ಡಬ್ಬಿ ಹಿಡಿದಿದ್ದ. ಅದು ಸಾಲದೆಂದು ಇಲ್ಲಿ ಕರದಂಟಿನ ಪೊಟ್ಟಣವನ್ನೂ ಕೊಂಡ. (ಗೋಕಾಕದ ನಾವು ಕರದಂಟು ತಿನ್ನುವುದು ಕಡಿಮೆ, ಹೊರುವುದು ಹೆಚ್ಚು.) ಬಸ್ಸಿನಲ್ಲಿ ಘಟಪ್ರಭಾ ದಾಟುವವರೆಗೂ ಅವನದು ಒಂದೇ ಮಾತು: ಇದು ಮಿಸ್ಟೇಕ್ ಎಂಬುದನ್ನು ನಾನು ಯಾವ ಕಾರಣಕ್ಕೂ ಬಾಯಿ ಬಿಡಬಾರದು. ಬಿಟ್ಟರೆ ಮಲ್ಲಪ್ಪನಿಗೆ ಲಗ್ನಕ್ಕೆ ಬಾರದ ಅವಮಾನದ ಮೇಲೆ ಊಟಕ್ಕೂ ಬರುವ ಮನಸ್ಸಿರಲಿಲ್ಲ ಎಂಬ ಅವಮಾನ ಸೇರುತ್ತದೆ. ನಾನು ಆಣೆ ಮಾಡಿದೆ. ಆಮೇಲೆ ಅವನು ಕಿಟಕಿಯ ಹೊರಗಿನ ಕಬ್ಬಿನ ಹೊಲಗಳನ್ನು, ಹಿಂದೆಂದೂ ಕಬ್ಬು ನೋಡದವನ ಹಾಗೆ ನೋಡುತ್ತ ಕೂತ.

ಮಲ್ಲಪ್ಪ ಬಾಗಿಲಲ್ಲೇ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ನಾನು ಮೊಸರಿನ ಡಬ್ಬಿ ನೋಡಿದೆ. ಕಡೆಗೆ ಮಲ್ಲಪ್ಪ ಗಂಟಲು ಸರಿಪಡಿಸಿಕೊಂಡು, “ಚಾ ಆತೇನ್ರಿ?” ಎಂದ. “ಆತ್ರಿ” ಎಂದ ಸಿದ್ರಾಮ. “ಮೂಡಲಗಿ ಕಡೆ ಮಳಿ?” “ಇಲ್ರಿ.” ಮನೆಯ ಅಂಗಳದಲ್ಲಿ ನಿಂತು ಇಬ್ಬರೂ ವಾಟ್ಸಾಪ್ ಆಡುತ್ತಿದ್ದರು. ಆ ‘ರಿ’ ಕೇಳಿ ನನಗೆ ನಗುವೂ ಬಂತು, ಕಣ್ಣೂ ಮಂಜಾಯಿತು. ಒಳಗಿನಿಂದ ನೀಲವ್ವ, “ಕೈಕಾಲ ತೊಳಕೊಂಡ ಬರ್ರಿ, ತಾಟ ಹಚ್ಚೇನಿ” ಎಂದು ಕೂಗಿದ್ದು ಎಲ್ಲರನ್ನೂ ಬದುಕಿಸಿತು.

ಹೋಳಿಗೆ, ಮೇಲೆ ಹಾಲು-ತುಪ್ಪ, ಕಟ್ಟಿನ ಸಾರು. ಎಲ್ಲರೂ ಉಣ್ಣುತ್ತಿದ್ದಾಗ ನೀಲವ್ವ ಸಿದ್ರಾಮನ ತಾಟಿಗೆ ಇನ್ನೊಂದು ಹೋಳಿಗೆ ಹಾಕುತ್ತ, “ಅಣ್ಣಾ, ನೀ ನಿನ್ನೆ ಅಂಗಡಿ ಮುಚ್ಚಿ ಮನಿಗೆ ಹೊಂಟಿದ್ದಿ. ನನಗ ಗೊತ್ತೈತಿ” ಎಂದಳು.

ತುತ್ತು ಬಾಯಿಯ ಬಳಿಯೇ ನಿಂತಿತು. ಸಿದ್ರಾಮ ನನ್ನತ್ತ ಹೊಡೆಯುವವನಂತೆ ನೋಡಿದ. ನಾನು ಏನೂ ಹೇಳಿಲ್ಲವೆಂದು ತಲೆ ಅಲ್ಲಾಡಿಸಿದೆ.

“ಮಾಸ್ತರ್ರು ಹೇಳಿಲ್ಲ ಬಿಡು. ಇವರ ಮೊಬೈಲ್ ನಾನೂ ಓದ್ತೇನಿ. ದಿನಾ ಅದ ಹೊತ್ತಿಗೆ ಬರ್ತೇನ್ರಿ ಅಂತಿ. ದಿನಾ ಬರ್ತೇನಿ ಅಂತಿ, ಒಂದ ದಿನರ ಬರಬ್ಯಾಡೇನು? ಅದಕ್ಕ ನಾನ ಇವರಿಗೆ ಅಂದ್ನಿ, ಬರ್ತೇನಿ ಅಂದಾನಲ್ರಿ, ನಾ ಬ್ಯಾಳಿ ಇಡ್ತೇನಿ ಅಂತ.”

ನಾವು ಮಲ್ಲಪ್ಪನನ್ನು ನೋಡಿದೆವು. ಅವನು ತಾಟಿನಿಂದ ತಲೆ ಎತ್ತದೆ, “ನಾನೂ ದಿನಾ ಓದ್ತಿದ್ನಿ” ಎಂದ. ಆಮೇಲೆ, “ಲೇ, ತುಪ್ಪಾ ಹಾಕ್ಕೊ. ಒಣಾದ ತಿನ್ನಾಕತ್ತಿ” ಎಂದು ತುಪ್ಪದ ಗಿಂಡಿಯನ್ನು ಸಿದ್ರಾಮನ ಕಡೆ ಸರಿಸಿದ. ಆ ಒಂದು ‘ಲೇ’ ಕೇಳಲು ನಾನು ಎಷ್ಟು ದಿನದಿಂದ ಕಾದಿದ್ದೆನೋ ನನಗೇ ಗೊತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ತಪ್ಪನ್ನು ಯಾರೂ ತಿದ್ದಿರಲಿಲ್ಲ. ತಿದ್ದುವುದನ್ನೇ ಕಸುಬು ಮಾಡಿಕೊಂಡಿದ್ದ ನಾನೂ ತಿದ್ದದೆ ಸುಮ್ಮನಿದ್ದೆನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನವಿಡೀ ಖೋಲಿಯ ಸ್ಟೋವು, ಸೀದ ಅನ್ನ, ಪರೀಕ್ಷೆಯಲ್ಲಿ ನಪಾಸಾದ ವಿಷಯಗಳು ಇತ್ಯಾದಿ ಮಹತ್ತ್ವವಿಲ್ಲದ ಸಂಗತಿಗಳು ಚರ್ಚೆಗೆ ಬಂದವು. ಲಗ್ನದ ಮಾತು ಮಾತ್ರ ಯಾರೂ ಎತ್ತಲಿಲ್ಲ. ಬಿಸಿಲು ಇಳಿದ ಮೇಲೆ ನಾವು ಎದ್ದೆವು. ಸಿದ್ರಾಮ ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುತ್ತಿರುವಾಗ ಮಲ್ಲಪ್ಪ ಒಳಗೆ ನಿಂತೇ, “ಲೇ ಸಿದ್ರಾಮ, ಮುಂದಿನ ತಿಂಗಳ ಗೌರಿ ಕೂಸಿನ ತೊಟ್ಟಲ ಕಾರ್ಯ ಐತಿ. ಬರಬೇಕು ನೋಡು” ಎಂದ.

ಸಿದ್ರಾಮ ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಮುಖವೆತ್ತಿದ. ಇಷ್ಟೆಲ್ಲ ಆದ ಮೇಲೂ ಸೋತು ‘ಹೂಂ’ ಎನ್ನುವ ಆಸಾಮಿ ಅವನಲ್ಲ.

“ಇಲ್ಲಿ ನಿಂತು ಕರದ್ರ ನಡ್ಯೂದಿಲ್ಲಲೇ ಮಗನ. ಮೂಡಲಗಿಗೆ ಬಾ. ಮನಿಗೆ ಬಂದು, ಕುಂತು, ಚಾ ಕುಡದು ಕರಿ.”

ನಮ್ಮಲ್ಲಿ ಹೊರಟು ನಿಂತವರು ಹೇಳುವ ಮಾತನ್ನು, ಅಂದು ಹೊಸ್ತಿಲಿನ ಒಳಗೆ ಬರಿಗಾಲಲ್ಲಿ ನಿಂತ ಮಲ್ಲಪ್ಪ ಹೇಳಿದ:

“ಬರ್ತೇನಿ.”